ಹಿಂದಕ್ಕೆ ಹಾಕಿದ ನಾಲ್ಕು ಕಾಳು

ಅಂದು ಬೆಳಿಗ್ಗೆಯೂ ಅತ್ತೆ ತಾರ್ನಾಕದ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು, ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಹೀರುತ್ತಿದ್ದರು. ನಾನು ಒಳಗೆ ಮಾತ್ರೆ ಬಿಡಿಸಿ ತಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ನಮಗೆ ಸೂಪನ್ನೂ ಸದ್ದಿಲ್ಲದೆ ಕುಡಿಯಲು ಕಲಿಸಿದ್ದರು. ನಾನು ನಗುತ್ತಲೇ ಬಾಲ್ಕನಿ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆಯುತ್ತಿದ್ದೆ.

ಅತ್ತೆ ಚಿತ್ತಾಪುರದವರು. ಊರಿಂದ ನಮ್ಮಲ್ಲಿಗೆ ಎಂದೂ ಬರಿಗೈಲಿ ಬಂದವರೇ ಅಲ್ಲ. ಒಮ್ಮೆ ಅವರು ತಂದ ಸ್ಟಿಕ್ಕರ್ ಬಿಂದಿ ಹಚ್ಚಿಕೊಂಡು ಎರಡು ದಿನಕ್ಕೆ ನನ್ನ ಹಣೆ ಕೆಂಪಗಾಗಿ ತುರಿಸತೊಡಗಿತು. ಕೊಬ್ಬರಿ ಎಣ್ಣೆ ಸವರುತ್ತ, “ನಿನ್ನ ಮೈಗೆ ಸಿಟ್ಟ ಬರೂದು ಭಾಳ ನಿಧಾನ ನೋಡವ್ವ. ಹಚ್ಚಿದಾಗ ಸುಮ್ನಿರ್ತೈತಿ, ಆಮ್ಯಾಲೆ ಜಗಳ ತೆಗೀತೈತಿ,” ಎಂದು ನಕ್ಕಿದ್ದರು.

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ಗಂಡನಿಗೆ ಸಕ್ಕರೆ ಕಾಯಿಲೆ, ತವರಿನಲ್ಲಿ ಕೊಡುವವರಿಲ್ಲ. ಅತ್ತೆ ತಾವೇ ಮುಂದೆ ಬಂದರು. ರಕ್ತಸಂಬಂಧವಲ್ಲವಾದ್ದರಿಂದ ಅಂಗದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯವರು ಅತ್ತೆಯನ್ನು ಕರೆಸಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು.

“ಸೊಸಿ ಉಡಿ ತುಂಬಾಕ ಅತ್ತೀಗೆ ಯಾರರ ಒತ್ತಾಯ ಮಾಡ್ತಾರೇನ್ರಿ?” ಎಂದರು ಅತ್ತೆ.

ನನ್ನ ಗಂಡ ಅದನ್ನು ತಿಳಿಸಿ ಹೇಳುವ ಮೊದಲೇ ಅಲ್ಲಿದ್ದ ತೆಲುಗು ಹೆಂಗಸೊಬ್ಬರು “ಒಡಿಬಿಯ್ಯಮಾ?” ಎಂದು ನಕ್ಕುಬಿಟ್ಟರು. ಇಲ್ಲಿಯವರಿಗೂ ಅಕ್ಕಿಯಿಂದ ಉಡಿ ತುಂಬುವ ಆ ಪದ್ಧತಿ ಉಂಟು. ಹೊಸ ಕಿಡ್ನಿಯನ್ನು ಬೆನ್ನ ಕಡೆಗಲ್ಲ, ಕಿಬ್ಬೊಟ್ಟೆಯಲ್ಲಿ, ಸೀರೆಯ ನೆರಿಗೆ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಕೂರಿಸುತ್ತಾರೆಂದು ತಿಳಿದ ಮೇಲಂತೂ ಅತ್ತೆಯನ್ನು ಹಿಡಿಯುವವರಿರಲಿಲ್ಲ. ನೋಡಲು ಬಂದವರಿಗೆಲ್ಲ ನನ್ನ ಹೊಟ್ಟೆ ತೋರಿಸಿ, ತಾನು ಹೇಳಿದ್ದು ಖರೇ ಆಯಿತಲ್ಲ ಎನ್ನುತ್ತಿದ್ದರು.

ಕಿಡ್ನಿ ಕೂರಿಸಿ ಕೆಲವು ತಿಂಗಳಾಗಿತ್ತು; ಅತ್ತೆ ಬಾಲ್ಕನಿಯಲ್ಲಿ ಚಹಾ ಹೀರುತ್ತಿದ್ದ ಆ ದಿನವೇ ಮಧ್ಯಾಹ್ನ ಡಾಕ್ಟರು ಬಯಾಪ್ಸಿ ವರದಿ ನೋಡಿ, ನನ್ನ ರಕ್ತದ ಬಿಳಿಕಣಗಳೇ ಆ ಕಿಡ್ನಿಯೊಳಗೆ ನುಗ್ಗಿವೆ ಎಂದರು. ನಾನು ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಹಾಗಿದ್ದರೂ ಆಗುವುದುಂಟಂತೆ. ಕೊಟ್ಟ ಕೂಡಲೇ ಬರುವ ಸಿಟ್ಟಲ್ಲ ಇದು. ಕಣಗಳು ಹೊರಗಿನದನ್ನು ನಿಧಾನವಾಗಿ ಗುರುತು ಹಿಡಿದು, ಗುಂಪು ಕಟ್ಟಿಕೊಂಡು ಬರುತ್ತವೆ, ಬಿಂದಿ ಹಚ್ಚಿದಲ್ಲಿ ಎರಡು ದಿನ ಬಿಟ್ಟು ತುರಿಸುತ್ತದಲ್ಲ, ಅದೇ ಜಾತಿಯದು ಎಂದು ಅವರು ವಿವರಿಸುವಾಗ ನನಗೆ ಕಿವಿಯವರೆಗೆ ಬಿಸಿಯೇರಿತು. ಮರುದಿನದಿಂದ ಔಷಧದ ಡ್ರಿಪ್ ಹಾಕಬೇಕು, ಕಿಡ್ನಿ ಉಳಿದರೆ ಉಳಿಯಿತು. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಇಷ್ಟು ವರ್ಷ ಸದ್ದಿಲ್ಲದೆ ಬಾಗಿಲು ಎಳೆದುಕೊಂಡಿದ್ದನ್ನು ನನ್ನ ಮೈ ಈಗ ಬಾಯಿಬಿಟ್ಟು ಹೇಳಿಬಿಟ್ಟಿತೇನೋ ಅನ್ನಿಸಿತು.

ಮನೆಗೆ ಬಂದು, “ಅತ್ತೆ, ನೀವು ಕೊಟ್ಟಿದ್ದನ್ನ ನನ್ನ ಮೈ ಬೇಡ ಅಂತಿದೆ,” ಎಂದೆ. ಅವರ ಮುಖ ನೋಡಲಿಲ್ಲ.

ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತರು. “ಉಡಿ ತುಂಬಿಸ್ಕೊಂಡಾಕಿ ತುಂಬಿದಾಕಿ ತಾಟಿಗೆ ನಾಕ ಕಾಳ ಹಿಂದಕ ಹಾಕ್ತಾಳಿಲ್ಲ? ನಿನ್ನ ಮೈ ನಾಕ ಕಾಳ ಹಾಕೈತಿ, ಅಷ್ಟ. ಉಳಿದದ್ದ ನಿಂದ.”

ಎಂದವರೇ ಚೀಲ ತುಂಬಿಕೊಳ್ಳತೊಡಗಿದರು. ನಾನು ಬೇಡವೆಂದೆ. “ನಾ ಇಲ್ಲೇ ಇದ್ರ ನೀ ತಲಿ ಎತ್ತೂದಿಲ್ಲ. ಆರಾಮಾಗು, ಬರ್ತೀನಿ.”

ಹೊರಡುವ ಮುಂಚೆ ಅಕ್ಕಿ, ಕೊಬ್ಬರಿ ಹಾಕಿ ಅವರ ಉಡಿ ತುಂಬಿದೆ. ಅವರು ನಾಲ್ಕು ಕಾಳು ತೆಗೆದು ನನ್ನ ತಟ್ಟೆಗೆ ಹಾಕಿ, ಮಗನ ಜೊತೆ ಬೇಗಂಪೇಟೆ ಸ್ಟೇಷನ್ನಿಗೆ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಡ್ರಿಪ್ ಫಲಿಸಿತು, ಅವರು ಕೊಟ್ಟದ್ದು ಇಂದಿಗೂ ನನ್ನಲ್ಲಿ ನಡೆಯುತ್ತಿದೆ. ಆದರೆ ಸೋಂಕಿನ ಭಯಕ್ಕೆ ನನ್ನನ್ನು ಹೊರಗೆ ಬಿಡದಿದ್ದ ಆ ದಿನಗಳಲ್ಲೇ ಅತ್ತೆ ಊರಿನಲ್ಲಿ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೂ ನನಗೆ ಹೋಗಲಾಗಲಿಲ್ಲ.

ಅವರು ಊರಿಗೆ ಹೊರಟ ಆ ಸಂಜೆ ಬಾಲ್ಕನಿಗೆ ಬಂದರೆ ಬಸಿ ಅಲ್ಲೇ ಇತ್ತು, ತಳದಲ್ಲಿ ಚಹಾದ ಕಲೆ. ಪಕ್ಕದ ಮನೆಯ ವಿಜಯಾ ಒಣಗಿದ ಬಟ್ಟೆ ತೆಗೆಯುತ್ತ, ಅತ್ತೆ ಯಾಕೆ ಇಷ್ಟು ಅವಸರದಲ್ಲಿ ಹೊರಟರು ಎಂದು ಕೇಳಿದಳು. ಇದ್ದದ್ದು ಹೇಳಿದೆ. ಅವಳು ಟವೆಲು ಕೊಡವಿ, ತನ್ನ ತೆಲುಗಿನಲ್ಲಿ, ನನ್ನ ಕಡೆ ತಿರುಗದೆಯೇ ಅಂದಳು:

“ಅತ್ತೆಯದಲ್ಲವಾ ಮತ್ತೆ, ಸೊಸೆಗೆ ಎಲ್ಲಿ ಆಗಿಬರುತ್ತೆ?”