ಕತ್ತರಿಯಣ್ಣನ ನಿಜ ಫಿಟ್ಸು, ಸುಳ್ಳು ಫಿಟ್ಸು

ತನ್ನ ಮುಂದೆ ತಲೆ ತಗ್ಗಿಸದ ದೊಡ್ಡ ಮನುಷ್ಯ ಈ ಬೀದಿಯಲ್ಲೇ ಇಲ್ಲ ಎಂದು ಕತ್ತರಿಯಣ್ಣ ಕೊಚ್ಚಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಮೂಲೆಯ ಕ್ಷೌರದಂಗಡಿ ಅವನದು. ತಗ್ಗಿಸದಿದ್ದರೆ ಕತ್ತಿನ ಹಿಂದಿನ ಕೂದಲು ತೆಗೆಯುವುದು ಹೇಗೆ?

ಹದಿನೆಂಟರ ಪ್ರಾಯದಿಂದಲೂ ಅವನಿಗೆ ಫಿಟ್ಸು ಬರುತ್ತಿತ್ತು. ಮೊದಲು ಎಡಗೈ ಹೆಬ್ಬೆರಳು ತಾನಾಗಿ ಕುಣಿಯುತ್ತಿತ್ತು. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮೈಯೆಲ್ಲ ಸೆಟೆದು ಪ್ರಜ್ಞೆ ತಪ್ಪುತ್ತಿತ್ತು. ಅಷ್ಟರೊಳಗೆ ಕತ್ತಿಯನ್ನು ಮೇಜಿನ ಮೇಲಿಟ್ಟು, ಗಿರಾಕಿಗೆ "ಒಂದ್ನಿಮಿಷ" ಎಂದು ಹೇಳಿ ನೆಲದ ಮೇಲೆ ಮಲಗುವುದನ್ನು ರೂಢಿಸಿಕೊಂಡಿದ್ದ. ಅರ್ಧ ಗಡ್ಡ ಬೋಳಿಸಿಕೊಂಡವರು ನೊರೆಮುಖದಲ್ಲೇ ಪಕ್ಕದಲ್ಲಿ ಕೂತು ಕಾಯುತ್ತಿದ್ದರು. ಬರಬರುತ್ತ ಹಾಗೆ ಕಾಯುವವರು ಕಮ್ಮಿಯಾದರು.

ಈ ಕಾಯಿಲೆಯಿಂದ ಅವನಿಗಿದ್ದದ್ದು ಒಂದೇ ಲಾಭ. ಮನೆಗೆ ಅಕ್ಕ ಬಂದು ಉಪದೇಶಕ್ಕೆ ಕೂತಳೆಂದರೆ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ. ತಾಳ್ಮೆ ಕೆಟ್ಟಾಗ ಕತ್ತರಿಯಣ್ಣ ಧೊಪ್ಪನೆ ಬಿದ್ದು ಕೈಕಾಲು ಬಡಿಯುತ್ತಿದ್ದ. ತಮ್ಮನಿಗೆ ವಿಶ್ರಾಂತಿ ಬೇಕೆಂದು ಅಕ್ಕ ಎದ್ದು ಹೊರಡುತ್ತಿದ್ದಳು.

ನಿಜವಾದ ಫಿಟ್ಸು ಯಾವ ಮಾತ್ರೆಗೂ ಜಗ್ಗದಿದ್ದಾಗ ದೊಡ್ಡಾಸ್ಪತ್ರೆ ಸೇರಿದ. ತಲೆಬುರುಡೆಯಲ್ಲಿ ಸಣ್ಣ ತೂತುಗಳನ್ನು ಕೊರೆದು, ತೆಳ್ಳನೆಯ ತಂತಿಗಳನ್ನು ಮಿದುಳಿನ ಆಳಕ್ಕಿಳಿಸಿ, ಅದು ಎಲ್ಲಿಂದ ಶುರುವಾಗುತ್ತದೆಂದು ಹಿಡಿಯಲು ಮಾತ್ರೆ ಕಡಿಮೆ ಮಾಡಿ ಫಿಟ್ಸು ಬರುವುದನ್ನೇ ಕಾಯುವುದು ಅಲ್ಲಿನ ಡಾಕ್ಟರಮ್ಮನ ಯೋಚನೆ. ತೂತಿಗೆ ಅವನು ಹೆದರಲಿಲ್ಲ. ವಾರ್ಡಿನವನು ತಲೆ ಬೋಳಿಸಿದ ರೀತಿ ಕಂಡು ಮಾತ್ರ ಕಣ್ಣಲ್ಲಿ ನೀರು ಬಂತು. ಕನ್ನಡಿ ತರಿಸಿಕೊಂಡು, ಕತ್ತಿ ಹೇಗೆ ಹಿಡಿಯಬೇಕೆಂದು ಪಾಠ ಹೇಳುತ್ತ ಎರಡನೆಯ ಸಲ ಬೋಳಿಸಿಕೊಂಡ.

ಮೂರು ದಿನವಾದರೂ ಫಿಟ್ಸಿನ ಸುಳಿವಿಲ್ಲ. ನಾಲ್ಕನೆಯ ದಿನ ಬಂದದ್ದು ಅಕ್ಕ. ಚಿಕ್ಕಂದಿನಲ್ಲೇ ತನ್ನ ಮಾತು ಕೇಳಿದ್ದರೆ ಎಂದು ಶುರುಮಾಡಿ ಗಂಟೆಗಟ್ಟಲೆ ಎಳೆದಳು. ಕತ್ತರಿಯಣ್ಣ ಕಣ್ಣು ಮೇಲೆ ಮಾಡಿ ಕೈಕಾಲು ಬಡಿದ. ಅಕ್ಕ ಹೊರಗೋಡಿದಳು, ನರ್ಸು ಒಳಗೋಡಿ ಬಂದಳು. ಪಕ್ಕದ ಕೋಣೆಯಲ್ಲಿ, ತಲೆಯ ತಂತಿಗಳ ಗೆರೆ ಮೂಡುವ ಪರದೆ ನೋಡುತ್ತಿದ್ದ ಟೆಕ್ನಿಷಿಯನ್ ಹೆಂಗಸು ಮಾತ್ರ ನಿಧಾನವಾಗಿ ಬಂದು ಅವನ ಕಿವಿಯ ಬಳಿ ಬಗ್ಗಿದಳು.

"ಅಣ್ಣ, ಫಿಟ್ಸು ಕೈಕಾಲಿಗೆ ಮಾತ್ರ ಬಂದಿದೆ. ತಲೆಗೆ ಸುದ್ದಿಯೇ ಮುಟ್ಟಿಲ್ಲ."

ಅವನು ಒಂದೇ ಕಣ್ಣು ತೆರೆದ. "ಅಕ್ಕ ಹೋದ್ಲಾ?"

"ಹೋದ್ರು."

"ಹಾಗಾದ್ರೆ ವಾಸಿಯಾಯ್ತು."

ಸಂಜೆ ನಾಚಿಕೆಯಿಂದ ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡ. ಅವಳು ಹೊದಿಕೆ ಮಡಚುತ್ತಲೇ ಹೇಳಿದಳು: "ನಂಗೆ ಯಾವಾಗ್ಲೋ ಗೊತ್ತು. ನಿಜವಾದದ್ದು ಬಂದ್ರೆ ನಿಂತಲ್ಲೇ ನೆಲಕ್ಕೆ ಮಲಗ್ತೀರಿ. ಸುಳ್ಳಾದ್ರೆ ಮೊದ್ಲು ಚಾಪೆ ಎಲ್ಲಿದೆ ಅಂತ ನೋಡ್ತೀರಿ." ಮತ್ತೇಕೆ ಹೇಳಲಿಲ್ಲ ಎಂದು ಕೇಳಿದ. "ನಿಮ್ಮಕ್ಕ ಹೊರಡೋದು ನಂಗೂ ಬೇಕಿತ್ತಲ್ಲ."

ಮರುದಿನ ಬೆಳಗ್ಗೆ ನಿಜವಾದದ್ದೇ ಬಂತು. ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ತಂತಿಗಳು ಹಿಡಿದ ಗೆರೆಗಳನ್ನು ತೋರಿಸಿದರು. ಹೆಬ್ಬೆರಳನ್ನು ಆಡಿಸುವ ಜಾಗದಲ್ಲಿ, ಮಿದುಳಿನ ಮೇಲ್ಪದರದಲ್ಲಿ ಶುರುವಾಗಿ, ಹನ್ನೊಂದು ಸೆಕೆಂಡು ಅಲ್ಲೇ ಇತ್ತು. ಆಮೇಲೆ ಮಿದುಳಿನ ನಟ್ಟನಡುವೆ ಆಳದಲ್ಲಿರುವ ಥಲಾಮಸ್ ಎಂಬ ಗಂಟೂ ಅದೇ ಲಯಕ್ಕೆ ಮಿಡಿಯತೊಡಗಿತ್ತು. ಅದು ಸೇರಿದ ಮೇಲೆಯೇ ಎರಡೂ ಬದಿಗೆ ಹರಡಿತ್ತು.

"ಅಂದ್ರೆ ಜಗಳ ತೆಗೆಯೋನು ಒಬ್ಬ, ಊರೆಲ್ಲ ಹಬ್ಬಿಸೋನು ಇನ್ನೊಬ್ಬ," ಎಂದ ಕತ್ತರಿಯಣ್ಣ.

ಹಾಗೆಂದುಕೊಂಡರೂ ಅಡ್ಡಿಯಿಲ್ಲ ಎಂದರು ಡಾಕ್ಟರಮ್ಮ. ಮೇಲಿನ ಜಾಗವನ್ನು ಕತ್ತರಿಸಿ ತೆಗೆದರೆ ಕೈಯೇ ಸೋಲಬಹುದು. ಆಳದ ಗಂಟಿಗೆ ಸಣ್ಣಗೆ ಕರೆಂಟು ಕೊಟ್ಟು, ಅದು ಕೈಜೋಡಿಸದಂತೆ ನೋಡಿಕೊಳ್ಳಬಹುದು.

ಎರಡು ತಿಂಗಳ ಬಳಿಕ ಹಾಗೇ ಮಾಡಿದರು. ಎದೆಯ ಮೇಲ್ಗಡೆ, ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ, ಅಲ್ಲಿಂದ ತಲೆಯೊಳಕ್ಕೆ ತಂತಿ. ಮೊದಮೊದಲು ಹೆಚ್ಚೇನೂ ಬದಲಾಗದೆ ಅವನು ಡಾಕ್ಟರಮ್ಮನ ತಲೆ ತಿಂದ. ಅವರು ಕರೆಂಟನ್ನು ಏರಿಸಿ ಇಳಿಸಿ ಹದ ಮಾಡುತ್ತ ಹೋದರು. ವರ್ಷ ತುಂಬುವ ಹೊತ್ತಿಗೆ, ತಿಂಗಳಿಗೆ ನಾಲ್ಕು ಸಲ ಬೀಳುತ್ತಿದ್ದವನು ಮೂರು ತಿಂಗಳಿಗೊಮ್ಮೆ ಬೀಳುವಂತಾದ. ಹೆಬ್ಬೆರಳು ಆಗೀಗ ಕುಣಿದರೂ ಬಹುಪಾಲು ಅಲ್ಲಿಗೇ ನಿಲ್ಲುತ್ತಿತ್ತು.

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಒಬ್ಬನೇ ಬಸ್ಸು ಹತ್ತಿದ, ಪೇಟೆಯಿಂದ ಬಾಚಣಿಗೆ ತರಲು. ಹೆಂಡತಿ ಜೇಬಿನಲ್ಲಿ ವಿಳಾಸದ ಚೀಟಿ ಇಟ್ಟು ಕಳಿಸಿದಳು. ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತ ಮೈಮರೆತು ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟ. ಕಂಡಕ್ಟರ್ ಗದರಿದ. ಕತ್ತರಿಯಣ್ಣ ನಗುನಗುತ್ತ ಇಳಿದು, ಸುಡುಬಿಸಿಲಲ್ಲಿ ನಡೆದುಕೊಂಡೇ ವಾಪಸು ಹೋದ.