ಅರ್ಧ ಒಲೆ

ಭಾವನವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಹಳೇ ಕಾಲದ ಬೇಟೆಯವರ ಹಾಗೆ ಕಲ್ಲಿಗೆ ಕಲ್ಲು ಬಡಿದು ಚಕ್ಕೆ ಎಬ್ಬಿಸಲು ಕಲಿಯುವಾಗ ಮಾಡಿಕೊಂಡ ಗಾಯ ಅದು. ಆ ಸೀಳಿನಲ್ಲಿ ಯಾವಾಗಲೂ ಮಣ್ಣು ಇರುತ್ತಿತ್ತು. ಆ ಶನಿವಾರ ಅದರಲ್ಲಿ ಮಸಿ ಇತ್ತು.

ಅಮೆರಿಕದಲ್ಲಿ ಪೆಟ್ರೋಲಿಗೆ ಬರ ಬಂದು ಗ್ಯಾಸ್ ಸ್ಟೇಷನ್‌ಗಳ ಮುಂದೆ ಕಾರುಗಳು ಸಾಲು ನಿಂತ ಚಳಿಗಾಲ ಕಳೆದು ಬಂದ ಅಕ್ಟೋಬರ್. ಓಲ್ಡ್ ಬ್ರಿಡ್ಜ್‌ನ ನಮ್ಮ ಮನೆಯಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಜೌಗು ನೆಲದ ಪಕ್ಕ ಒಂದು ಮರಳು ದಿಬ್ಬ. ಎರಡು ವರ್ಷದಿಂದ ಪ್ರತಿ ಶನಿವಾರ ಭಾವ ಅಲ್ಲಿ ಅಗೆಯುತ್ತಿದ್ದರು. ನಾನು ಅವಲಕ್ಕಿ ಡಬ್ಬಿ ಹಿಡಿದು ಹೋಗಿದ್ದೆ. ಗುಂಡಿಯೊಳಗೆ ಮಂಡಿಯೂರಿ ಕೂತಿದ್ದವರು ತಲೆಯೆತ್ತದೆ ಕರೆದರು. ಕೆಂಪಗೆ ಸುಟ್ಟ ಕಲ್ಲುಗಳ ಅರ್ಧ ಸುತ್ತು, ನಡುವೆ ಇದ್ದಿಲು. ಉಳಿದರ್ಧ ಇನ್ನೂ ಮಣ್ಣಿನೊಳಗಿತ್ತು.

"ಇಲ್ಲಿ ಕೈ ಇಡು ತಂಗಿ," ಅಂದರು. "ಇಲ್ಲೆ ಯಾರೋ ಕೈ ಕಾಸಿಕೊಂಡಾರ."

ಇಟ್ಟೆ. ಕಲ್ಲು ತಣ್ಣಗಿತ್ತು.

ಭಾವ ಅಂದರೆ ನನ್ನ ಗಂಡನ ಅಣ್ಣ. ಮದುವೆಯಾಗಲಿಲ್ಲ, ನಮ್ಮ ಬೇಸ್‌ಮೆಂಟಿನಲ್ಲೇ ಇದ್ದರು. ವಾರವೆಲ್ಲ ಒಂದು ಆಫೀಸಿನಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದರು. ಧಾರವಾಡದಲ್ಲಿ ಓದುವಾಗ ಹೊಳೆದಂಡೆಯ ಉತ್ಖನನದಲ್ಲಿ ಕೆಲಸ ಮಾಡಿದ್ದೇ ಅವರಿಗಿದ್ದ ಅರ್ಹತೆ. ಇಲ್ಲಿನ ಪ್ರೊಫೆಸರುಗಳಿಗೆ ಅದು ಸಾಲಲಿಲ್ಲ.

ನಾನು ಎಸ್‌ಎಸ್‌ಎಲ್‌ಸಿವರೆಗೆ ಓದಿದವಳು. ಪಾತ್ರೆ ತೊಳೆಯುವ ನನ್ನ ಪಕ್ಕ ನಿಂತು, ಒರೆಸುತ್ತ ಒರೆಸುತ್ತ, ಅವರು ನನಗೆ ಈ ನೆಲದ ಕಥೆ ಹೇಳಿದ್ದರು. ನಮ್ಮ ಮನೆಯಿಂದ ಸ್ವಲ್ಪ ಉತ್ತರಕ್ಕೆ ಒಂದು ಕಾಲದಲ್ಲಿ ಬೆಟ್ಟದೆತ್ತರದ ಹಿಮ ನಿಂತಿತ್ತಂತೆ. ಸಮುದ್ರ ಆಗ ಬಹಳ ದೂರ. ಹಿಮ ಸರಿದ ಮೇಲೆ ಬಂದ ಕುರುಚಲು ಬಯಲಿನಲ್ಲಿ ಕೊಂಬಿನ ಜಿಂಕೆಗಳ ಹಿಂಡು, ಅವುಗಳ ಹಿಂದೆ ಬೇಟೆಯವರು. ಆಮೇಲೆ ಸೆಕೆ ಏರಿತು, ಜಿಂಕೆಗಳು ಉತ್ತರಕ್ಕೆ ಹೋದವು, ಓಕ್ ಕಾಡು ಬಂತು, ಸಮುದ್ರ ಒಳಗೆ ನುಗ್ಗಿ ಅವರ ಎಷ್ಟೋ ಬೀಡುಗಳನ್ನು ಮುಳುಗಿಸಿತು. ಉಳಿದವರು ಮೀನು ಹಿಡಿಯಲು, ಕಾಯಿ ಕುಟ್ಟಲು ಕಲಿತರು. "ಅವರು ಊರು ಬಿಡಲಿಲ್ಲ. ಊರಽ ಅವರ ಕಾಲಕೆಳಗಿಂದ ಬ್ಯಾರೆ ಆತು," ಅನ್ನುತ್ತಿದ್ದರು. ಅವರನ್ನು ಕಾಡುಜನ ಎಂದು ಯಾರಾದರೂ ಅಂದರೆ ಭಾವನ ಮುಖ ಕೆಂಪಾಗುತ್ತಿತ್ತು.

ದಿಬ್ಬದ ಜಾಗವನ್ನು ಮನೆ ಕಟ್ಟುವ ಕಂಪನಿಯೊಂದು ಕೊಂಡಿತ್ತು. ಚಳಿಗಾಲ ಮುಗಿಯುವವರೆಗೆ ಮುಟ್ಟುವುದಿಲ್ಲ, ಅಷ್ಟರಲ್ಲಿ ಇದು ಸಾವಿರಾರು ವರ್ಷ ಹಳೆಯದೆಂದು ಲ್ಯಾಬಿನಿಂದ ಕಾಗದ ತಂದರೆ ಆ ಮೂಲೆ ಬಿಟ್ಟು ಕಟ್ಟುತ್ತೇವೆ ಎಂದು ಅದರ ಮ್ಯಾನೇಜರ್ ಕೈಕುಲುಕಿ ಹೇಳಿದ್ದ. ನ್ಯೂಯಾರ್ಕಿನ ಪ್ರೊಫೆಸರರೊಬ್ಬರು, ಇದ್ದಿಲು ತನ್ನಿ, ಅದರಿಂದ ಲ್ಯಾಬಿನಲ್ಲಿ ಜಾಗದ ವಯಸ್ಸು ಗೊತ್ತು ಮಾಡಿಸೋಣ, ಆಮೇಲೆ ಮಾತು ಅಂದಿದ್ದರು. ಎರಡು ವರ್ಷ ಸಿಕ್ಕದ ಇದ್ದಿಲು ಅಂದು ಸಿಕ್ಕಿತ್ತು. ಒಲೆ ಸಿಕ್ಕರೆ ಅರ್ಧ ತೆಗೆದು ಅರ್ಧವನ್ನು ನೆಲದಲ್ಲೇ ಬಿಡುವುದು ಅವರ ಕೆಲಸದ ಪದ್ಧತಿ. ಹಾಗೇ ಮಾಡಿದರು. ಹೊರಡುವಾಗ ರಸ್ತೆಯಲ್ಲಿ ಸಿಕ್ಕ ಮ್ಯಾನೇಜರನಿಗೆ ಖುಷಿಯಿಂದ ಕೂಗಿ ಹೇಳಿದರು, ನನಗೆ ಬೇಕಾದ್ದು ಸಿಕ್ಕಿತು ಅಂತ.

ಬೇಸ್‌ಮೆಂಟು ತೇವ. ಅದಕ್ಕೆ ಇದ್ದಿಲನ್ನು ಫಾಯಿಲ್ ಮೇಲೆ ಹರವಿ ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟರು. ಒಂದು ಹಿಡಿ ಇರಬಹುದು. "ಅವ್ವಗ ಒಂದು ಮಾತು ಹೇಳಿಬಿಡು ತಂಗಿ," ಅಂದರು.

ನಾನು ಹೇಳಲಿಲ್ಲ. ಬೇಸಿಗೆಯಲ್ಲಿ ಧಾರವಾಡದಿಂದ ಬಂದಿದ್ದ ಅತ್ತೆ ಅಂದು ನನ್ನ ಮೈಸೂರು ಸಾರನ್ನು, ಕೈ ತೊಳೆದ ನೀರಿನಂಗ ಅದ ಅಂದಿದ್ದರು. ನಾನು ಮಾತು ಬಿಟ್ಟಿದ್ದೆ. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡು ಮಲಗಿದೆ.

ಅತ್ತೆ ನನಗಿಂತ ಮೊದಲು ಎದ್ದರು. ಅಮೆರಿಕದ ಪೇಸ್ಟು ಅವರಿಗೆ ಆಗುತ್ತಿರಲಿಲ್ಲ, ಊರಿಂದ ತಂದ ಹಲ್ಲುಪುಡಿ ಮುಗಿದಿತ್ತು. ನಾನು ಕೆಳಗಿಳಿದಾಗ ಇದ್ದಿಲು, ಉಪ್ಪು, ಎರಡು ಲವಂಗ ಸೇರಿಸಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಡಬ್ಬಿ ತುಂಬಿಸಿ ಆಗಿತ್ತು. ಅವರ ಬಾಯಿಯೆಲ್ಲ ಕಪ್ಪು. ನನ್ನ ಮೇಲಿನ ಮುನಿಸು ಮರೆತು ನಕ್ಕರು.

"ಭಾಳ ಛಲೋ ಇದ್ದಲಿ ತಂದಾನ ನಿಮ್ಮ ಭಾವ. ನೀನೂ ತಿಕ್ಕಿ ನೋಡು."

ಭಾವ ಮೆಟ್ಟಿಲ ಹತ್ತಿರ ನಿಂತಿದ್ದರು. ಫಾಯಿಲ್ ನೋಡಿದರು, ಡಬ್ಬಿ ನೋಡಿದರು. ಕಾರಿನ ಕೀ ತೆಗೆದುಕೊಂಡರು. ಅರ್ಧ ಒಲೆ ಅಲ್ಲೇ ಇದೆಯಲ್ಲ ಎಂದು ನಾನೂ ಚಪ್ಪಲಿಯಲ್ಲೇ ಓಡಿ ಕಾರು ಹತ್ತಿದೆ.

ದಿಬ್ಬವೇ ಇರಲಿಲ್ಲ. ಹಿಂದಿನ ಮಧ್ಯಾಹ್ನ ನಾವು ಹೊರಟ ಮೇಲೆ ಬುಲ್‌ಡೋಜರ್ ಇಳಿಸಿ ಮರಳನ್ನೆಲ್ಲ ಜೌಗಿಗೆ ತಳ್ಳಿದ್ದರು. ಯಂತ್ರ ಪಕ್ಕದಲ್ಲೇ ನಿಂತಿತ್ತು. ಸೋಮವಾರ ನನ್ನ ಗಂಡ ಫೋನ್ ಮಾಡಿದಾಗ ಆ ಮ್ಯಾನೇಜರ್ ಕೊಟ್ಟ ಉತ್ತರ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ: ಬೇಕಾದ್ದು ಸಿಕ್ಕಿತು ಎಂದು ನಿಮ್ಮ ಅಣ್ಣನೇ ಹೇಳಿದರಲ್ಲ. ಚಳಿಗಾಲ ಮುಗಿಯುವವರೆಗೆ ಅಂತ ಕೈಕುಲುಕಿದ್ದು ಅವನಿಗೆ ನೆನಪಿರಲಿಲ್ಲ. ಪ್ರೊಫೆಸರರು ಬಹಳ ಮರ್ಯಾದೆಯಿಂದ, ಲವಂಗ ಬೆರೆತ ಪುಡಿ ಲ್ಯಾಬಿಗೆ ನಡೆಯುವುದಿಲ್ಲ, ವಯಸ್ಸು ತಿಳಿಯದ ಒಲೆ ನಮಗೆ ಬರೀ ಕಥೆ ಅಂದರು.

ನನಗೆ ಭಾವನ ಮೇಲೂ ಸಿಟ್ಟು ಬಂತು. ಅವರು ಯಾರನ್ನೂ ಬೈಯಲಿಲ್ಲ. ಆ ಭಾನುವಾರ ಅಲ್ಲಿಂದ ವಾಪಸು ಬರುವಾಗ ಕಾರಿನಲ್ಲಿ ನಾನು ತಪ್ಪು ಒಪ್ಪಿಕೊಂಡೆ, ಅತ್ತೆಗೆ ಹೇಳಿರಲಿಲ್ಲ, ಸಾರಿನ ಜಗಳಕ್ಕೆ ಅಂತ. ಸಿಗ್ನಲ್ ಹಸಿರಾದರೂ ಅವರು ಕಾರು ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

"ಅವ್ವಗ ಗೊತ್ತಾಗಬಾರದು," ಅಂದರು. "ಅಕಿ ಉಣ್ಣೂದು ಬಿಟ್ಟಾಳು."

ಅಷ್ಟೇ. ಮುಂದಿನ ಎರಡು ತಿಂಗಳು ಅತ್ತೆ ದಿನವೂ ಆ ಪುಡಿಯಲ್ಲಿ ಹಲ್ಲು ತಿಕ್ಕಿ, ಭಾವನಿಗೂ ಬೆರಳ ತುದಿಯಷ್ಟು ಕೊಟ್ಟರು. ಅವರು ತಿಕ್ಕಿಕೊಂಡರು. ಸಿಂಕಿನಲ್ಲಿ ಕಪ್ಪು ನೀರು ಹರಿದುಹೋಗುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಬೈಯಬಾರದಿತ್ತೇ ಒಂದು ಸಲ, ನನ್ನನ್ನಾದರೂ?

ಆಮೇಲೆ ಅವರು ಅಗೆಯಲಿಲ್ಲ. ಒಲೆಯ ನಕ್ಷೆ ಮಾತ್ರ ಬರೆದರು. ಕಂಡ ಅರ್ಧದಲ್ಲಿ ಪ್ರತಿ ಕಲ್ಲು, ಪ್ರತಿ ಬಿರುಕು. ಕಾಣದ ಅರ್ಧಕ್ಕೆ ಬರೀ ಚುಕ್ಕಿಗೆರೆ. ಊಹಿಸಿ ಬರೆಯಬಹುದಲ್ಲ ಅಂದರೆ ತಲೆ ಅಲ್ಲಾಡಿಸಿದರು.

ನಾಲ್ಕು ವರ್ಷದ ಮೇಲೆ ಆಫೀಸಿನಲ್ಲಿ ನಕ್ಷೆಯ ಹಲಗೆಯ ಮುಂದೆಯೇ ಅವರ ಹೃದಯ ನಿಂತಿತು. ಮಾತಾಡಿಸಲು ಬಂದವರಲ್ಲಿ ಒಬ್ಬರು ಕಾಫಿ ಕುಡಿಯುತ್ತ, "ಪಾಪ, ಕಲ್ಲು ಕಲೆಕ್ಟ್ ಮಾಡ್ತಿದ್ರಲ್ವಾ, ನೈಸ್ ಹಾಬಿ" ಅಂದರು. ನಾನು ಅವರ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದೆ. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ದಿಬ್ಬವಿದ್ದ ಕಡೆ ಈಗ ಒಂದೇ ಬಣ್ಣದ ಮನೆಗಳು. ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟಿದ್ದೇನೆ. ನಕ್ಷೆ ನನ್ನ ಹತ್ತಿರ ಇದೆ. ಅದರ ಮೂಲೆಯಲ್ಲಿ, ವಯಸ್ಸು ಎಂದು ಬರೆದು, ಮುಂದೆ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಆ ಜಾಗ ಖಾಲಿ ಇದೆ.