ಅಣ್ಣನ ರಕ್ತದ ರೀಡಿಂಗು

ಅಣ್ಣನ ಅಂಗಾಲಿನಲ್ಲಿ ಹುಣಸೆಬೀಜದಷ್ಟು ಕಪ್ಪು ಕಲೆ ಎದ್ದಾಗ ನಮ್ಮಲ್ಲಿ ಯಾರೂ ಹೆದರಲಿಲ್ಲ. ಬರಿಗಾಲಲ್ಲಿ ಗದ್ದೆ ತಿರುಗುವವನಿಗೆ ಆಣಿ ಆಗದೆ ಇನ್ನೇನಾಗುತ್ತದೆ? ಅದನ್ನು ಬ್ಲೇಡಿನಿಂದ ಹೆರೆದುಕೊಂಡು, ಸುಣ್ಣ ಹಚ್ಚಿಕೊಂಡು ಕಾಲ ತಳ್ಳಿದ. ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಚರ್ಮದ ಕ್ಯಾನ್ಸರ್ ಎಂದರು. ಅಷ್ಟು ಹೊತ್ತಿಗೆ ಅದು ಶ್ವಾಸಕೋಶಕ್ಕೂ ಹೋಗಿತ್ತು. ಬಿಸಿಲನ್ನೇ ಕಾಣದ ಅಂಗಾಲಿಗೆ ಚರ್ಮದ ಕ್ಯಾನ್ಸರ್ ಬರುತ್ತದೆಂದು ಯಾರಾದರೂ ಒಬ್ಬರು ಮೊದಲೇ ಹೇಳಬಾರದಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು.

ಮಾತ್ರೆ ಶುರು ಮಾಡುವ ಮೊದಲು ಡಾಕ್ಟರು ರಕ್ತ ತೆಗೆಸಿದರು. ಹೊಸ ರಕ್ತನಾಳ ಬೆಳೆಯುವುದರ ಗುರುತು ರಕ್ತದಲ್ಲಿ ಸಿಗುತ್ತದೆ, ಈಗೊಮ್ಮೆ ಆಮೇಲೊಮ್ಮೆ ಅಳೆದು ನೋಡೋಣ ಎಂದರು. ರಕ್ತನಾಳ ಬೆಳೆದರೆ ಒಳ್ಳೆಯದೇ ತಾನೇ ಎಂದು ನಾವು ತಲೆಯಾಡಿಸಿ ಎದ್ದು ಬಂದೆವು.

ಅಣ್ಣ ತಿರುಮಕೂಡಲಿನ ಆಚೆ ನಮ್ಮೂರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿಕೊಂಡೇ ಬದುಕಿದವನು. ಫ್ಯಾಟಿನ ರೀಡಿಂಗು ಏರಿದರೆ ಹಸು ಚೆನ್ನಾಗಿದೆ, ಇಳಿದರೆ ಏನೋ ಎಡವಟ್ಟು. ಅವನ ಪ್ರಪಂಚದಲ್ಲಿ ಏರಿದ ಅಂಕಿ ಕೆಟ್ಟದ್ದು ಮಾಡಿದ್ದೇ ಇಲ್ಲ. ಎರಡನೆಯ ರಿಪೋರ್ಟು ಕೈಗೆ ಬಂದ ದಿನ ನಂಜನಗೂಡಿನ ನನ್ನ ಮನೆಗೆ ಫೋನ್ ಮಾಡಿದ.

“ಓದ್ಸಲಕ್ಕಿಂತ ಚೆನ್ನಾಗ್ ಏರ್ಯದೆ ಕಣವ್ವ! ಮದ್ದು ನಾಟ್ತು!”

ಮದ್ದು ನಾಟಿದರೆ ನಂಜುಂಡೇಶ್ವರನಿಗೆ ಮುಡಿ ಕೊಡುವುದಾಗಿ ಅತ್ತಿಗೆ ಹರಕೆ ಹೊತ್ತಿದ್ದಳು. ಹುಲ್ಲಿನ ಹೊರೆ ಕಟ್ಟಬಹುದು ಎಂದು ನಾನು ರೇಗಿಸುತ್ತಿದ್ದ ಆ ಉದ್ದನೆಯ ಜಡೆಯನ್ನು ಕಪಿಲೆಯ ದಂಡೆಯಲ್ಲಿ ಕೊಟ್ಟು, ಬೋಳುತಲೆಗೆ ಗಂಧ ಹಚ್ಚಿಕೊಂಡು ನಗುತ್ತಾ ನಮ್ಮ ಮನೆಗೆ ಬಂದಳು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

“ಸುಮ್ಕಿರವ್ವ. ಕೂದ್ಲು ಮತ್ತೆ ಬತ್ತದೆ, ಓದ ಗಂಡ ಬತ್ತನಾ?” ಎಂದಳು.

ಮಾರನೆಯ ದಿನ ಮೂವರೂ ಮೈಸೂರಿಗೆ ಹೋದೆವು. ಒಳಗೆ ರೋಗಿಯ ಜೊತೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಅತ್ತಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಕೂತಳು. ಡಾಕ್ಟರು ಎರಡೂ ರಿಪೋರ್ಟುಗಳನ್ನು ಹೊಸ ಸ್ಕ್ಯಾನಿನ ಪಕ್ಕ ಇಟ್ಟು ನೋಡಿದರು.

“ಇದು ಇಳೀಬೇಕಿತ್ತು. ಗಡ್ಡೆ ತನಗೆ ಬೇಕಾದ ರಕ್ತಕ್ಕೆ ಹೊಸ ನಾಳ ಬೆಳೆಸ್ಕೊಳ್ತಾನೇ ಇದೆ. ಈ ಅಂಕಿ ಒಂದನ್ನೇ ನಂಬಿ ನಾವು ಏನೂ ಹೇಳಲ್ಲ. ಆದ್ರೆ ಸ್ಕ್ಯಾನೂ ಅದನ್ನೇ ಹೇಳ್ತಿದೆ.”

ಅಣ್ಣ ಇನ್ನೆಷ್ಟು ದಿನ ಎಂದು ಕೇಳಲಿಲ್ಲ. ಬೇರೆ ಮದ್ದು ಇದೆಯೇ ಎಂದೂ ಕೇಳಲಿಲ್ಲ. “ಆಲಿನ ಲೆಕ್ಕ ಆಕ್ಬುಟ್ನಲ್ಲವ್ವ,” ಎಂದಷ್ಟೇ ನನಗೆ ಹೇಳಿದ. ಬಾಗಿಲ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದ.

“ಅವ್ಳ್ಗೆ ಯೋಳ್ಬ್ಯಾಡ. ಕೂದ್ಲು ಬರೋಗಂಟ ಯೋಳ್ಬ್ಯಾಡ.”

ಹೊರಗೆ ಬಂದಾಗ ಅತ್ತಿಗೆ ಎದ್ದು ನಿಂತಳು. ಏನಂದರು ಎಂದು ಕೇಳಿದಳು.

“ಏರ್ಯದೆ ಅಂದ್ರು,” ಎಂದ ಅಣ್ಣ.

ಅವಳು ಅಲ್ಲಿಂದಲೇ ನಂಜನಗೂಡಿನ ದಿಕ್ಕಿಗೆ ಕೈಮುಗಿದಳು.

ಅತ್ತಿಗೆಯ ಕೂದಲು ಬಾಚಣಿಗೆಗೆ ಸಿಗುವಷ್ಟು ಬೆಳೆಯುವ ಮೊದಲೇ ಅಣ್ಣ ಹೋದ. ಮಣ್ಣಿಗೆ ಬಂದಿದ್ದ ದೂರದ ಹೆಂಗಸೊಬ್ಬಳು ಅವಳ ತಲೆ ನೋಡಿ, ಈ ಕಾಲದಲ್ಲೂ ಗಂಡ ಸತ್ತ ತಕ್ಷಣ ಬೋಳಿಸುತ್ತಾರಾ ಎಂದು ಗದರಿದಳು.

“ಇಲ್ಲ ಕಣವ್ವ. ಅವ್ರು ಉಳ್ಕಂಡ್ರು ಅಂತ ಕೊಟ್ಟಿದ್ದು,” ಎಂದಳು ಅತ್ತಿಗೆ.